ಮನೆಯ ಕ್ಯಾಸೆಟ್ಟುಗಳೂ ತಕ್ಕ ಡಿಸ್ಕುಗಳೂ

ಕಳೆದ ವರ್ಷದ ಆಟಿ ತಿಂಗಳಲ್ಲಿ, ಮಳೆಯು ಎಡೆಬಿಡದೆ ಸುರಿಯುತ್ತಿದ್ದ ಒಂದು ಸಾಯಂಕಾಲ, ವಾಮಂಜೂರಿನ ನಮ್ಮ ನೆರೆಮನೆಯ ಹಿರಿಯರೊಬ್ಬರು ಕೊಡೆಯ ಮರೆಯಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗವಚಿಕೊಂಡು ನಮ್ಮ ಜಗಲಿಯನ್ನೇರಿದರು. ಇಪ್ಪತ್ತೆರಡು ವರ್ಷ ಬಹರೈನಿನಲ್ಲಿ ದುಡಿದು, ಈಗ ನಾಲ್ಕು ತೆಂಗಿನ ಮರಗಳನ್ನೂ ಒಂದು ಹಸುವನ್ನೂ ನೋಡಿಕೊಂಡು ನೆಮ್ಮದಿಯಿಂದಿರುವವರು. ಚೀಲದಲ್ಲಿ ಎರಡು ದೊಡ್ಡ ವೀಡಿಯೋ ಕ್ಯಾಸೆಟ್ಟುಗಳೂ ಒಂದು ಹೊಳೆಯುವ ಡಿಸ್ಕೂ ಇದ್ದುವು. 1994ರಲ್ಲಿ ನಡೆದ ಅವರ ತಂಗಿಯ ಮದುವೆಯ ಚಿತ್ರಗಳವು. ಕ್ಯಾಸೆಟ್ಟುಗಳನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಡಿ. ವಿ. ಡಿ. ಮಾಡಿಸಿ ತಂದಿದ್ದರು.

“ಮಾರಾಯರೇ, ಇದನ್ನೊಮ್ಮೆ ನೋಡಿ. ಮುಖಗಳೆಲ್ಲ ಚೌಕ ಚೌಕವಾಗಿ ಒಡೆದಿವೆ. ಅದಾದರೂ ಹೋಗಲಿ, ಅಮ್ಮನ ಸ್ವರವೇ ಇದರಲ್ಲಿಲ್ಲವಲ್ಲ!” ಎಂದರು.

ಅವರ ತಾಯಿಯವರನ್ನು ನಾವು ಬಲ್ಲೆವು. ಮದುವೆಯ ಹಿಂದಿನ ದಿನದ ರೋಸಿನ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನ ಹಾಲನ್ನು ಹಚ್ಚುವಾಗ ವೊವಿಯೊಗಳನ್ನು ಎತ್ತಿಕೊಡುವುದಕ್ಕೆ ಸುತ್ತಲಿನ ಮನೆಗಳವರು ಅವರನ್ನೇ ಕರೆಯುತ್ತಿದ್ದರು. ಅವರು ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಹಾಡುಗಳನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಮಗನಿಗೆ ಉಳಿದಿದ್ದ ಆಸೆಯೆಂದರೆ ಈ ಕ್ಯಾಸೆಟ್ಟುಗಳೇ.

ಆ ಡಿಸ್ಕನ್ನು ನಾವು ಹಾಕಿ ನೋಡಿದೆವು. ಮುದುಕಿ ಹಾಡುತ್ತಿರುವುದು ಕಾಣಿಸುತ್ತಿತ್ತು, ಕೇಳಿಸುತ್ತಿದ್ದುದು ಮಾತ್ರ ಒಂದು ಹಿಂದೀ ಸಿನಿಮಾ ಗೀತೆ! ಇದರಲ್ಲಿ ಡಿಸ್ಕು ಮಾಡಿದ ಅಂಗಡಿಯವರ ತಪ್ಪೇನೂ ಇರಲಿಲ್ಲ. ಆ ಕಾಲದ ಮದುವೆ ಚಿತ್ರಗಳಲ್ಲಿ, ತೆಗೆದ ದೃಶ್ಯಗಳನ್ನು ಕತ್ತರಿಸಿ ಜೋಡಿಸುವಾಗ ಸ್ಥಳದ ಶಬ್ದವನ್ನು ಅಳಿಸಿ ಚಲಚ್ಚಿತ್ರಗೀತೆಗಳನ್ನು ತುಂಬುವುದು ಊರೆಲ್ಲ ನಡೆದಿದ್ದ ರೂಢಿ. ಪುರೋಹಿತರ ಮಂತ್ರವೂ ಪಾದ್ರಿಗಳ ಪ್ರಾರ್ಥನೆಯೂ ಅತ್ತೆಯವರ ಜಗಳವೂ ಒಂದೇ ಗೀತೆಯ ಕೆಳಗೆ ಹೂತುಹೋದುವು. ಆಗ ಅದು ಅಂದವೆಂದು ತೋರಿತು. ಈಗ ಯಾವ ಮನೆಯಲ್ಲಿ ಕೇಳಿದರೂ, ಆ ಗೀತೆಯನ್ನು ತೆಗೆದು ಅಜ್ಜನ ಕೆಮ್ಮನ್ನಾದರೂ ಮರಳಿ ಕೊಡಿರೆನ್ನುವವರೇ ಹೆಚ್ಚು.

ಆದರೆ ಚಿತ್ರವು ಚೌಕಗಳಾಗಿ ಒಡೆದುದಕ್ಕೆ ಅಂಗಡಿಯೇ ಹೊಣೆ. ಅದರ ಕಾರಣವನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಒಳ್ಳೆಯದೆಂದು ನಮಗೆ ತೋರುವುದರಿಂದ ಸ್ವಲ್ಪ ಲೆಕ್ಕವನ್ನು ಹೇಳುವೆವು. ಲೆಕ್ಕವೆಂದು ಕೇಳಿ ವಾಚಕರು ಪುಟವನ್ನು ಮಗುಚಬಾರದು. ಹಾಲಿನವನ ತಿಂಗಳ ಚೀಟಿಗಿಂತ ಇದು ಕಠಿಣವಲ್ಲ.

ಸಾಮಾನ್ಯವಾದ ಡಿ. ವಿ. ಡಿ.ಯ ಒಂದು ಪದರಿನಲ್ಲಿ 4.7 ಗಿಗಾಬೈಟು, ಎಂದರೆ 470 ಕೋಟಿ ಬೈಟುಗಳು ಹಿಡಿಯುವುವು. ಒಂದು ಬೈಟಿಗೆ ಎಂಟು ಬಿಟ್ಟುಗಳಾದುದರಿಂದ ಒಟ್ಟು 3,760 ಕೋಟಿ ಬಿಟ್ಟುಗಳು. ಇದೇ ನಮ್ಮ ಕಣಜ. ಒಂದು ಗಂಟೆಗೆ 3,600 ಸೆಕೆಂಡುಗಳು. ಆದ್ದರಿಂದ ಒಂದು ಗಂಟೆಯ ಚಿತ್ರವನ್ನು ಮಾತ್ರ ಇಟ್ಟರೆ ಪ್ರತಿ ಸೆಕೆಂಡಿಗೂ ಸುಮಾರು 104 ಲಕ್ಷ ಬಿಟ್ಟುಗಳು ದೊರೆಯುವುವು. ಎರಡು ಗಂಟೆಯದಾದರೆ 52 ಲಕ್ಷ, ಮೂರು ಗಂಟೆಯದಾದರೆ 35 ಲಕ್ಷಕ್ಕೆ ಸ್ವಲ್ಪ ಕಡಮೆ. ಇದರಲ್ಲಿ ಸೂಚಿ, ಒಡ್ಡು ಮುಂತಾದ ಒಳವೆಚ್ಚಗಳಿಗೆಂದು ನೂರಕ್ಕೆ ಐದನ್ನು ಬಿಟ್ಟುಕೊಡಬೇಕು, ಶಬ್ದಕ್ಕೆ ಎರಡು ಲಕ್ಷವನ್ನು ತೆಗೆದಿಡಬೇಕು. ಉಳಿದುದೇ ಚಿತ್ರದ ಪಾಲು. ನೆರೆಯವರ ಎರಡು ಕ್ಯಾಸೆಟ್ಟುಗಳೂ ಸೇರಿ ಐದು ಗಂಟೆ. ಅಂಗಡಿಯವರು ಒಂದೇ ಡಿಸ್ಕಿನಲ್ಲಿ ಎಲ್ಲವನ್ನೂ ತುರುಕಿದ್ದರು. ಹಾಗಾಗಿ ಸೆಕೆಂಡಿಗೆ 21 ಲಕ್ಷವೂ ಬಂದಿರಲಿಲ್ಲ. ಹತ್ತು ಮಂದಿಗೆ ಮಾಡಿದ ಅಡಿಗೆಯನ್ನು ಐವತ್ತು ಮಂದಿಗೆ ಬಡಿಸಿದಂತಾಯಿತು. ಆರತಿಯ ಬೆಳಕು ಅಲುಗಾಡಿದಲ್ಲೆಲ್ಲ, ಜನರು ಕುಣಿದಲ್ಲೆಲ್ಲ, ಚಿತ್ರವು ಒಡೆಯದೆ ಇನ್ನೇನು ಮಾಡೀತು!

ಇಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಕ್ಯಾಸೆಟ್ಟಿನ ಚಿತ್ರವು ಮಸುಕಾಗಿರುವುದರಿಂದ ಅದಕ್ಕೆ ಕಡಮೆ ಬಿಟ್ಟುಗಳು ಸಾಕೆಂದು ಅನೇಕರು ಎಣಿಸುವರು. ವಸ್ತುಸ್ಥಿತಿಯು ಇದಕ್ಕೆ ವಿರುದ್ಧ. ಹಳೆಯ ಟೇಪಿನ ಮೇಲೆ ಕುದಿಯುವ ಕಾಳುಕಾಳಾದ ಗದ್ದಲವನ್ನು ಯಂತ್ರವು ಚಲನೆಯೆಂದೇ ಭ್ರಮಿಸಿ ಬಿಟ್ಟುಗಳನ್ನು ಅದಕ್ಕೇ ವ್ಯಯಮಾಡುವುದು. ಅದರಿಂದ, ಹೊಸ ಚಿತ್ರಕ್ಕಿಂತ ಹಳೆಯದಕ್ಕೇ ಹೆಚ್ಚು ಉದಾರವಾಗಿ ಅಳೆದುಕೊಡಬೇಕು.

ಉದಾರತೆಗೂ ಮಿತಿಯುಂಟು. ಡಿ. ವಿ. ಡಿ.ಯ ನಿಯಮದಂತೆ ಚಿತ್ರಕ್ಕೆ ಸೆಕೆಂಡಿಗೆ 98 ಲಕ್ಷ ಬಿಟ್ಟುಗಳಿಗಿಂತ ಹೆಚ್ಚು ಕೊಡಲಾಗದು. ಮನೆಯಲ್ಲಿ ಸುಟ್ಟ ಡಿಸ್ಕುಗಳಲ್ಲಿ ಆ ಎಲ್ಲೆಯ ಹತ್ತಿರ ಹೋದರೆ ಹಳೆಯ ಪ್ಲೇಯರುಗಳು ತಡವರಿಸುವುವು. 70ರಿಂದ 80 ಲಕ್ಷಕ್ಕೆ ನಿಲ್ಲುವುದು ಜಾಣತನ. ಒಂದೂವರೆ ಗಂಟೆಯ ಚಿತ್ರಕ್ಕೆ 62 ಲಕ್ಷದಷ್ಟು ಧಾರಾಳವಾಗಿ ಸಲ್ಲುವುದು. ಎರಡು ಗಂಟೆಗಿಂತ ಹೆಚ್ಚಿನದನ್ನು ಒಂದು ಡಿಸ್ಕಿನಲ್ಲಿಡಲು ನಾವು ಯಾರಿಗೂ ಹೇಳುವುದಿಲ್ಲ. ಡಿಸ್ಕಿನ ಬೆಲೆ ಒಂದು ಲೋಟ ಕಬ್ಬಿನ ಹಾಲಿನ ಬೆಲೆಯ ಸುತ್ತಮುತ್ತ ಇರುವಾಗ, ರೋಸನ್ನು ಒಂದರಲ್ಲಿ, ಇಗರ್ಜಿಯ ವಿಧಿಯನ್ನು ಇನ್ನೊಂದರಲ್ಲಿ, ಔತಣವನ್ನು ಮತ್ತೊಂದರಲ್ಲಿ ಇಟ್ಟರೆ ಯಾರ ಗಂಟೂ ಹೋಗದು. ಮೂರು ಗಂಟೆಯ ಕ್ಯಾಸೆಟ್ಟನ್ನು ಒಂದರಲ್ಲಿಯೇ ಇಡಲೇಬೇಕೆಂಬ ಹಟವಿದ್ದರೆ ಒಂದು ಉಪಾಯವಿದೆ. ಡಿ. ವಿ. ಡಿ.ಯ ಪೂರ್ಣ ಚಿತ್ರವು ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ 720 ಅಗಲ, 576 ಎತ್ತರದ ಚುಕ್ಕೆಗಳದು. 352 ಅಗಲ, 576 ಎತ್ತರದ್ದನ್ನೂ ಅದೇ ನಿಯಮವು ಒಪ್ಪುವುದು. ವಿ. ಎಚ್. ಎಸ್. ಕ್ಯಾಸೆಟ್ಟಿನಲ್ಲಿ ಅಗಲದ ಉದ್ದಕ್ಕೂ ಇರುವ ವಿವರವೇ ಸುಮಾರು 240 ಗೆರೆಗಳಷ್ಟು. ಅದಕ್ಕೆ 352 ಚುಕ್ಕೆಗಳ ಬಟ್ಟೆ ಸಾಕು. ಚುಕ್ಕೆಗಳು ಅರ್ಧವಾದರೆ 31 ಲಕ್ಷ ಬಿಟ್ಟುಗಳೂ ಚೆನ್ನಾಗಿ ಸಾಲುವುವು.

ವಿ. ಸಿ. ಡಿ. ಎಂಬುದೊಂದಿತ್ತಲ್ಲವೆ? 1993ರಲ್ಲಿ ನಿಯಮಬದ್ಧವಾದ ಆ ಬಗೆಯನ್ನು ನಮ್ಮ ಕರಾವಳಿಯವರು ಬಲು ಮೆಚ್ಚಿಕೊಂಡರು. ಯಕ್ಷಗಾನ ಪ್ರಸಂಗಗಳೂ ತುಳು ನಾಟಕಗಳೂ ಮನೆಮನೆಗೆ ಬಂದುದು ಅದರ ಮೇಲೇರಿಯೇ. ಈ ಊರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ಭೋಜರಾಜ ವಾಮಂಜೂರು ಅವರಂಥ ತುಳು ರಂಗದ ನಟರ ಹಾಸ್ಯಕ್ಕೆ ಜನರು ಬಿದ್ದು ಬಿದ್ದು ನಕ್ಕಾಗ ಚಿತ್ರವು 352ಕ್ಕೆ 288 ಚುಕ್ಕೆಗಳದೆಂದು ಯಾರೂ ದೂರಲಿಲ್ಲ. ನಗುವಿಗೆ ಅಷ್ಟು ಸಾಕು. ಆದರೆ ಸೆಕೆಂಡಿಗೆ ಹನ್ನೊಂದೂವರೆ ಲಕ್ಷ ಬಿಟ್ಟುಗಳಲ್ಲಿ, ಎತ್ತರದ ಅರ್ಧ ಗೆರೆಗಳನ್ನು ಎಸೆದುಬಿಡುವ ಈ ಬಗೆಯು ಮರಳಿ ತೆಗೆಯಲಾಗದ ಮನೆಯ ಚಿತ್ರಗಳಿಗೆ ತಕ್ಕುದಲ್ಲ. ವಿ. ಸಿ. ಡಿ. ಮಾಡಿಸಿಯಾಯಿತೆಂದು ಮೂಲ ಕ್ಯಾಸೆಟ್ಟನ್ನು ಎಸೆದವರ ಮನೆಗಳು ನಮಗೆ ಗೊತ್ತು. ಅವರ ಮುಂದೆ ಈ ಪ್ರಸ್ತಾಪವನ್ನು ನಾವು ತೆಗೆಯುವುದಿಲ್ಲ.

ನಮ್ಮ ನೆರೆಯವರ ಕಥೆಗೆ ಹಿಂದಿರುಗೋಣ. ತಾಯಿಯ ಸ್ವರವು ಮದುವೆಯ ಕ್ಯಾಸೆಟ್ಟಿನಲ್ಲಿ ಅಳಿದುಹೋಗಿತ್ತು, ನಿಜ. “ಆ ದಿನ ಬೇರೆ ಯಾರಾದರೂ ಚಿತ್ರ ತೆಗೆದಿದ್ದರೆ?” ಎಂದು ನಾವು ಕೇಳಿದೆವು. ಅವರು ಸ್ವಲ್ಪ ಹೊತ್ತು ಮಳೆಯನ್ನೇ ನೋಡುತ್ತಿದ್ದು, ಕೊಲ್ಲಿಯಿಂದ ರಜೆಯಲ್ಲಿ ಬಂದಿದ್ದ ಭಾವ ಸಣ್ಣದೊಂದು ಕ್ಯಾಮರಾವನ್ನು ಹಿಡಿದುಕೊಂಡು ಓಡಾಡಿದ್ದನೆಂದು ನೆನಪುಮಾಡಿಕೊಂಡರು. ಎರಡು ದಿನ ಹುಡುಕಿದ ಮೇಲೆ ಅಟ್ಟದ ಕಬ್ಬಿಣದ ಪೆಟ್ಟಿಗೆಯಲ್ಲಿ, ಹಳೆಯ ಪಾಸ್‌ಪೋರ್ಟುಗಳ ಕೆಳಗೆ, ಅಂಗೈಯಗಲದ ವೀಡಿಯೋ-8 ಕ್ಯಾಸೆಟ್ಟೊಂದು ಸಿಕ್ಕಿತು. ಅದನ್ನು ಯಾರೂ ಕತ್ತರಿಸಿರಲಿಲ್ಲ, ಅದಕ್ಕೆ ಯಾರೂ ಗೀತೆಯನ್ನು ತುಂಬಿರಲಿಲ್ಲ. ವೀಡಿಯೋ-8 ಪದ್ಧತಿಯಲ್ಲಿ ಶಬ್ದವನ್ನು ಚಿತ್ರದೊಡನೆಯೇ ತಿರುಗುವ ತಲೆಗಳು ಬರೆಯುವುದರಿಂದ, ವಿ. ಎಚ್. ಎಸ್.ನ ಅಂಚಿನ ಸಾಮಾನ್ಯ ಶಬ್ದಪಟ್ಟಿಗಿಂತ ಅದು ಹೆಚ್ಚು ಶುದ್ಧವಾಗಿರುವುದು. ನಮ್ಮ ಆಸೆ ಚಿಗುರಿತು.

ಆಗಲೇ ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿನ ಮೇಲೆ ಬಿಳಿಯ ಬೂಷ್ಟು ಕಂಡಿತು. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಯೂ ಬೆವರುವ ಈ ಸೀಮೆಯಲ್ಲಿ ಅದೇನೂ ಆಶ್ಚರ್ಯವಲ್ಲ. ಇಂಥ ಕ್ಯಾಸೆಟ್ಟನ್ನು ಆತುರದಿಂದ ಯಂತ್ರಕ್ಕೆ ಹಾಕಬಾರದು. ಬೂಷ್ಟು ತಲೆಗಳಿಗೆ ಮೆತ್ತಿಕೊಳ್ಳುವುದು, ಅಲ್ಲಿಂದ ಮುಂದೆ ಹಾಕಿದ ಒಳ್ಳೆಯ ಕ್ಯಾಸೆಟ್ಟುಗಳಿಗೂ ಅಂಟುವುದು, ಜಿಗುಟಾದ ಟೇಪು ಹರಿದುಹೋಗುವುದೂ ಉಂಟು. ಈ ಕೆಲಸವನ್ನು ಬಲ್ಲವರೊಬ್ಬರ ಕೈಗೆ ಕೊಟ್ಟು, ಮೆತ್ತಗಿನ ಬಟ್ಟೆಯ ಮೇಲೆ ಮೆಲ್ಲಮೆಲ್ಲನೆ ಸುತ್ತಿಸಿ ತೆಗೆಸಿದೆವು. ಮೊದಲ ಮೂರು ನಿಮಿಷಗಳಷ್ಟು ಭಾಗ ಉಳಿಯಲಿಲ್ಲ. ಉಳಿದ 58 ನಿಮಿಷಗಳು ಉಳಿದುವು.

ಭಾವನ ಕ್ಯಾಮರಾ ಎಂದೋ ಸತ್ತಿತ್ತು. ಪರಿಚಿತರೊಬ್ಬರಲ್ಲಿ ಡಿಜಿಟಲ್-8 ಕ್ಯಾಮರಾ ಇದ್ದುದು ಪುಣ್ಯ. ಆ ಜಾತಿಯ ಕೆಲವು ಮಾದರಿಗಳು ಹಳೆಯ ವೀಡಿಯೋ-8 ಕ್ಯಾಸೆಟ್ಟುಗಳನ್ನೂ ನುಡಿಸಿ, ಚಿತ್ರವನ್ನು ಅಂಕಿಗಳಾಗಿ ಮಾರ್ಪಡಿಸಿ, ಫೈರ್‌ವೈರ್ ಎಂಬ ತಂತಿಯ ಮೂಲಕ ಕಂಪ್ಯೂಟರಿಗೆ ಕಳುಹಿಸುವುವು. ಹೀಗೆ ಬರುವ ಡಿ. ವಿ. ಕಡತವು ಗಂಟೆಗೆ ಸುಮಾರು 13 ಗಿಗಾಬೈಟನ್ನು ನುಂಗುವುದು. ನುಂಗಲಿ. ಇದೇ ಮನೆಯ ಮೂಲಪ್ರತಿ. ಇದನ್ನು ಅಳಿಸದೆ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕುಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿಡತಕ್ಕದ್ದು. ಮಿನಿ ಡಿ. ವಿ. ಕ್ಯಾಸೆಟ್ಟುಗಳುಳ್ಳವರಂತೂ ಇದೇ ತಂತಿಯನ್ನು ಬಳಸಬೇಕು. ಆ ಟೇಪಿನಲ್ಲಿರುವುದೇ ಅಂಕಿಗಳಾದುದರಿಂದ ಅವು ಇದ್ದಂತೆಯೇ ಬಂದಿಳಿಯುವುವು. ವಿ. ಎಚ್. ಎಸ್. ಉಳ್ಳವರು ವಿ. ಸಿ. ಆರ್.ಗೆ ಯು. ಎಸ್. ಬಿ.ಯ ಹಿಡಿಯುವ ಪೆಟ್ಟಿಗೆಯೊಂದನ್ನು ಜೋಡಿಸಬೇಕಾಗುವುದು. ಅದಕ್ಕೆ ಮೊದಲು ಕ್ಯಾಸೆಟ್ಟನ್ನು ಕೊನೆಯವರೆಗೆ ಓಡಿಸಿ ಮರಳಿ ಸುತ್ತಿದರೆ ಟೇಪಿನ ಬಿಗಿ ಸಮನಾಗುವುದು. ಕಂಪ್ಯೂಟರಿನಲ್ಲಿ ಚಿತ್ರದ ತಳದಲ್ಲಿ ಹರಿದ ಬಟ್ಟೆಯಂತೆ ಎಂಟು ಹತ್ತು ಗೆರೆಗಳು ಅಲುಗುತ್ತಿದ್ದರೆ ಗಾಬರಿಯಾಗಬಾರದು. ಅದು ಎಂದೂ ಇದ್ದುದೇ, ಹಳೆಯ ಟೆಲಿವಿಷನ್ನಿನ ಚೌಕಟ್ಟು ಅದನ್ನು ಮುಚ್ಚುತ್ತಿತ್ತು.

ಕಾಲವು ಮಾತ್ರ ನಮಗಾಗಿ ಕಾಯುವುದಿಲ್ಲ. ವಿ. ಎಚ್. ಎಸ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿಯು 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳನ್ನೂ ಮಿನಿ ಡಿ. ವಿ. ಕ್ಯಾಸೆಟ್ಟುಗಳನ್ನೂ ಸೋನಿಯವರು 2025ರ ಫೆಬ್ರವರಿಯಲ್ಲಿ ಕೈಬಿಟ್ಟರು. ಈಗ ಕೈಯಲ್ಲಿರುವ ಯಂತ್ರವು ಕೆಟ್ಟರೆ ಹಳೆಯದರ ಬಿಡಿಭಾಗಗಳಿಂದಲೇ ಬದುಕಬೇಕು.

ಇನ್ನು ಡಿಸ್ಕಿಗೆ ಹೊಂದಿಸುವ ಬಗೆ. ಪರದೆಯ ಮೇಲೆ ಕಾಣುವ ಪ್ರಶ್ನೆಗಳಲ್ಲಿ ಜನರು ಹೆಚ್ಚು ಎಡವುವುದು ಒಂದರಲ್ಲಿ. ಹಳೆಯ ವೀಡಿಯೋ ಚಿತ್ರವು ಸೆಕೆಂಡಿಗೆ 25 ಪೂರ್ಣಚಿತ್ರಗಳಲ್ಲ, 50 ಅರ್ಧಚಿತ್ರಗಳು. ಒಮ್ಮೆ ಬೆಸ ಸಂಖ್ಯೆಯ ಗೆರೆಗಳು, ಮರುಕ್ಷಣ ಸಮಸಂಖ್ಯೆಯವು, ಹೀಗೆ ಹೆಣೆದುಕೊಂಡು ಸಾಗುವುವು. ಡಿ. ವಿ. ಡಿ.ಯೂ ಈ ಹೆಣಿಗೆಯನ್ನು ಬಲ್ಲುದು. ಆದ್ದರಿಂದ ಡಿ. ವಿ. ಡಿ. ಮಾಡುವಾಗ ಅದನ್ನು ಬಿಡಿಸಬಾರದು, ಯಾವ ಅರ್ಧ ಮೊದಲೆಂಬುದನ್ನು ಮಾತ್ರ ಸರಿಯಾಗಿ ಹೇಳಬೇಕು. ಡಿ. ವಿ. ಕಡತಗಳಲ್ಲಿ ಕೆಳಗಿನ ಅರ್ಧ ಮೊದಲು. ಹಿಡಿಯುವ ಪೆಟ್ಟಿಗೆಗಳಲ್ಲಿ ಬಹುಮಟ್ಟಿಗೆ ಮೇಲಿನದು ಮೊದಲು. ಇದು ಅದಲುಬದಲಾದರೆ ನಡೆಯುವ ಮನುಷ್ಯನು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುವಂತೆ ಕಾಣುವನು. ನಮ್ಮ ಮೊದಲ ಪ್ರಯತ್ನದಲ್ಲಿ ಮದುಮಗಳ ಮೇಲೆ ತೆಂಗಿನ ಹಾಲು ಹಾಗೆಯೇ ಹಿಂದಕ್ಕೂ ಮುಂದಕ್ಕೂ ಜಿಗಿಯಿತು! ಆ ಡಿಸ್ಕು ಈಗ ನಮ್ಮ ತೋಟದಲ್ಲಿ ಹಕ್ಕಿಗಳನ್ನು ಓಡಿಸುತ್ತಿದೆ.

ಎರಡನೆಯ ಸಲ ಪಾಲ್, ಎಂಪೆಗ್-2, 720ಕ್ಕೆ 576, ಕೆಳಗಿನ ಅರ್ಧ ಮೊದಲು, ಚಿತ್ರಕ್ಕೆ 70 ಲಕ್ಷ ಬಿಟ್ಟುಗಳ ಸರಾಸರಿ ಎಂದು ಗೊತ್ತುಮಾಡಿದೆವು. ಎರಡು ಸುತ್ತಿನಲ್ಲಿ ಮಾಡಿಸಿದರೆ, ಯಂತ್ರವು ಮೊದಲ ಸುತ್ತಿನಲ್ಲಿ ಎಲ್ಲೆಲ್ಲಿ ಚಲನೆ ಹೆಚ್ಚೆಂದು ನೋಡಿಕೊಂಡು ಎರಡನೆಯದರಲ್ಲಿ ಅದಕ್ಕೆ ತಕ್ಕಂತೆ ಹಂಚುವುದು. ಹೊತ್ತು ಇಮ್ಮಡಿಯಾದರೂ ಲಾಭವಿದೆ. ಶಬ್ದದ ವಿಷಯದಲ್ಲಿ ನಾವು ಸ್ವಲ್ಪ ಹಟಮಾಡಿದೆವು. ರೂಢಿಯಲ್ಲಿ ಡಾಲ್ಬಿಯ ಸಂಕುಚಿತ ಶಬ್ದಕ್ಕೆ ಸೆಕೆಂಡಿಗೆ ಎರಡು ಲಕ್ಷದಷ್ಟು ಬಿಟ್ಟುಗಳು ಸಾಕು. ಇಲ್ಲಿಯಾದರೋ ಎಲ್ಲವೂ ಒಂದು ಸ್ವರಕ್ಕಾಗಿ ನಡೆದಿರುವ ಕೆಲಸ. ಆದ್ದರಿಂದ ಸಂಕೋಚಗೊಳಿಸದ ಶಬ್ದವನ್ನೇ, 15 ಲಕ್ಷಕ್ಕೆ ಮೇಲ್ಪಟ್ಟು ಬಿಟ್ಟುಗಳನ್ನು ತೆತ್ತು, ಇರಿಸಿದೆವು. 58 ನಿಮಿಷಗಳಿಗೆ ಎಲ್ಲ ಕೂಡಿ 3.7 ಗಿಗಾಬೈಟಿನ ಸುಮಾರಿಗೆ ಬಂದು ಡಿಸ್ಕಿನಲ್ಲಿ ಸ್ಥಳವೂ ಮಿಕ್ಕಿತು.

ಡಿಸ್ಕುಗಳಲ್ಲಿ ‘ಆರ್’ ಅಕ್ಷರದ ಹಿಂದೆ ಕೂಡುವ ಗುರುತಿರುವುದೋ ಕಳೆಯುವ ಗುರುತಿರುವುದೋ ಎಂಬ ವಿಚಾರಕ್ಕೆ ಈಗ ಹೆಚ್ಚು ಬೆಲೆಯಿಲ್ಲ. ತೀರ ಹಳೆಯ ಪ್ಲೇಯರುಗಳಿಗೆ ಕಳೆಯುವ ಗುರುತಿನದೇ ಹೆಚ್ಚು ಒಗ್ಗುವುದೆಂಬಷ್ಟು ತಿಳಿದಿದ್ದರೆ ಸಾಕು. ಅಳಿಸಿ ಬರೆಯುವ ಜಾತಿಯನ್ನು ಮನೆಯ ನೆನಪುಗಳಿಗೆ ತರಲೇಬಾರದು. ಬರೆಯುವ ವೇಗವನ್ನು ಡಬ್ಬದ ಮೇಲಿರುವ ಪರಮಾವಧಿಗೆ ಏರಿಸದೆ ಅದರ ಅರ್ಧದಷ್ಟಿಟ್ಟು, ಬರೆದ ಬಳಿಕ ಸರಿಯಿದೆಯೇ ಎಂದು ಯಂತ್ರದಿಂದಲೇ ಓದಿಸಿ ನೋಡತಕ್ಕದ್ದು. ಮೇಲೆ ಅಂಟುವ ಚೀಟಿಗಳನ್ನು ಹಚ್ಚಿದರೆ ತೂಕ ತಪ್ಪಿ ಡಿಸ್ಕು ನಡುಗುವುದು. ನೀರಿನ ಮಸಿಯ ಲೇಖನಿಯಿಂದ ನಡುವಿನ ಪಾರದರ್ಶಕವಾದ ಉಂಗುರದ ಮೇಲೆ ಬರೆದರೆ ಸಾಕು. ನೇರವಾಗಿ ಡಿಸ್ಕಿನ ಮೇಲೆಯೇ ಚಿತ್ರ ತೆಗೆಯುವ ಕ್ಯಾಮರಾಗಳು ಕೆಲವು ಕಾಲ ಮೆರೆದುವು. ಅವುಗಳ ಎಂಟು ಸೆಂಟಿಮೀಟರಿನ ಪುಟ್ಟ ಡಿಸ್ಕುಗಳನ್ನು ಮುಕ್ತಾಯಗೊಳಿಸದೆ ಬಿಟ್ಟವರು ಆ ಕ್ಯಾಮರಾ ಜೀವಂತವಿರುವಾಗಲೇ ಆ ಕೆಲಸವನ್ನು ಪೂರೈಸಬೇಕು. ಇಲ್ಲದಿದ್ದರೆ ಬೇರೆ ಪ್ಲೇಯರುಗಳು ಅವನ್ನು ಓದಲಾರವು.

ಬೇಸಿಗೆಯ ಸೆಕೆಗೂ ಮಳೆಗಾಲದ ತೇವಕ್ಕೂ ಡಿಸ್ಕುಗಳೂ ಹೊರತಲ್ಲ. ಮನೆಯಲ್ಲಿ ಸುಡುವ ಡಿಸ್ಕಿನಲ್ಲಿ ಬರೆಹವು ಒಂದು ಬಣ್ಣದ ಪದರಿನಲ್ಲಿರುವುದು. ಬೆಳಕೂ ಶಾಖವೂ ಅದನ್ನು ಮೆಲ್ಲನೆ ತಿನ್ನುವುವು. ಹೊರಗೋಡೆಗೆ ಒರಗಿದ ಕಪಾಟು ಬೇಡ. ಬಿಗಿಯಾದ ಡಬ್ಬದಲ್ಲಿ, ತೇವವನ್ನು ಹೀರುವ ಸಿಲಿಕಾ ಹರಳುಗಳ ಪೊಟ್ಟಣದೊಡನೆ, ನಿಲ್ಲಿಸಿಟ್ಟರೆ ಬಹಳ ಕಾಲ ಬಾಳುವುವು. ಎಷ್ಟು ಕಾಲವೆಂದು ಆಣೆಯಿಡಲು ನಾವು ಸಿದ್ಧರಿಲ್ಲ. ವರ್ಷಕ್ಕೊಮ್ಮೆ, ಮಳೆ ಹಿಂದೆಗೆದ ಮೇಲೆ, ತೆಗೆದು ನೋಡುವ ಅಭ್ಯಾಸ ಒಳ್ಳೆಯದು.

ಈ ಕಾಲದಲ್ಲಿ ಡಿಸ್ಕೇ ಏಕೆಂದು ಮನೆಯ ಮಕ್ಕಳು ಕೇಳುವರು. ಅವರ ಕಂಪ್ಯೂಟರುಗಳಲ್ಲಿ ಅದನ್ನಿಡುವ ಬಾಯಿಯೇ ಇಲ್ಲ. ಅವರ ಮಾತು ಸುಳ್ಳಲ್ಲ. ಮೊಬೈಲಿನಲ್ಲಿ ತೆಗೆದ ಇಂದಿನ ಚಿತ್ರಗಳನ್ನು ಡಿ. ವಿ. ಡಿ.ಗೆ ಇಳಿಸುವುದು ರೇಶ್ಮೆಯನ್ನು ಗೋಣಿಚೀಲಕ್ಕೆ ತುಂಬಿದಂತೆ. ಅವನ್ನು ಕಡತಗಳಾಗಿಯೇ, ಇದ್ದ ರೂಪದಲ್ಲಿಯೇ ಇಡತಕ್ಕದ್ದು. ಹಳೆಯ ಚಿತ್ರಗಳದೂ ಒಂದು ಪ್ರತಿಯನ್ನು ಎಚ್-264 ಪದ್ಧತಿಯ ಎಂಪಿ-4 ಕಡತವಾಗಿ ಮಾಡಿಕೊಂಡರೆ ಈಗಿನ ಟೆಲಿವಿಷನ್ನಿಗೆ ಪೆನ್‌ಡ್ರೈವಿನಿಂದಲೇ ಹಾಕಬಹುದು. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದು. ಅದರಲ್ಲಿ ಗುಣದ ಅಂಕಿಯನ್ನು 18ಕ್ಕೂ 20ಕ್ಕೂ ನಡುವೆ ಇಟ್ಟರೆ ಸಾಕು. ಅಂಕಿ ಇಳಿದಷ್ಟೂ ಗುಣ ಹೆಚ್ಚೆಂಬುದನ್ನು ಮರೆಯಬಾರದು. ಇಲ್ಲಿ ಮಾತ್ರ, ಡಿ. ವಿ. ಡಿ.ಯಲ್ಲಿ ಬೇಡವೆಂದ ಹೆಣಿಗೆ ಬಿಡಿಸುವ ಕೆಲಸವನ್ನು ಮಾಡಿಸಲೇಬೇಕು. ಆಗಲೇ ಮಾಡಿಸಿದ ಒಳ್ಳೆಯ ಡಿ. ವಿ. ಡಿ. ಇದ್ದು ಕ್ಯಾಸೆಟ್ಟು ಇಲ್ಲದಿದ್ದರೆ, ಅದನ್ನು ಮತ್ತೆ ಹಿಂಡಬಾರದು. ಡಿಸ್ಕಿನಲ್ಲಿರುವುದನ್ನು ಹಾಗೆಯೇ ಹಾರ್ಡ್‌ಡಿಸ್ಕಿಗೆ ನಕಲುಮಾಡಿಕೊಂಡರಾಯಿತು. ಹಿಂಡಿದ ಹಿಟ್ಟನ್ನು ಮತ್ತೆ ಹಿಂಡಿದರೆ ಹಾಲು ಬರುವುದಿಲ್ಲವೆಂದು ತೆಂಗಿನ ಸೀಮೆಯವರಿಗೆ ನಾವು ಹೇಳಬೇಕೆ?

ಆದರೂ ಡಿಸ್ಕನ್ನು ನಾವು ಪೂರ್ತಿಯಾಗಿ ಬಿಡೆವು. ಹಿರಿಯರಿರುವ ಮನೆಗಳಲ್ಲಿ ಪ್ಲೇಯರಿನ ಬಾಗಿಲು ತೆರೆದು ಡಿಸ್ಕನ್ನಿಟ್ಟು ಗುಂಡಿಯೊತ್ತುವುದು ಅಭ್ಯಾಸವಾಗಿ ಕುಳಿತಿದೆ. ಕಡತವನ್ನು ಮೊಮ್ಮಗನು ಆಟಕ್ಕೆ ಸ್ಥಳವಿಲ್ಲವೆಂದು ಅಳಿಸಿಯಾನು, ಒಮ್ಮೆ ಸುಟ್ಟ ಡಿಸ್ಕನ್ನು ಅಳಿಸಲಾರನು.

ನೆರೆಯವರ ಮಗಳು ಟೊರಾಂಟೋದಲ್ಲಿರುವಳು. ಅಮೆರಿಕಾ ಖಂಡದ ಎನ್. ಟಿ. ಎಸ್. ಸಿ. ಪದ್ಧತಿಗೆ ಪರಿವರ್ತಿಸಿ ಬೇರೊಂದು ಡಿಸ್ಕನ್ನು ಮಾಡಿಸಬೇಕೆಂದು ಅವರು ಹವಣಿಸಿದರು. ಬೇಡವೆಂದು ತಡೆದೆವು. 50 ಅರ್ಧಚಿತ್ರಗಳನ್ನು 60ರ ಸುಮಾರಿಗೆ ಎಳೆದರೆ ಚಲನೆ ಕುಂಟುವುದು. ಕಂಪ್ಯೂಟರಿಗೆ ಈ ಭೇದವಿಲ್ಲವಾದುದರಿಂದ ಎಂಪಿ-4 ಕಡತವನ್ನೇ ಕಳುಹಿಸಿದೆವು. ಮೂರನೆಯ ದಿನ ಅವಳು ಫೋನು ಮಾಡಿ, ಅಜ್ಜಿಯ ಎರಡನೆಯ ವೊವಿಯೊದಲ್ಲಿ ಒಂದು ಮಾತು ಎಷ್ಟು ಸಲ ಕೇಳಿದರೂ ಅರ್ಥವಾಗಲಿಲ್ಲವೆಂದು ತಂದೆಯನ್ನು ಕೇಳಿದಳು. ತಂದೆಗೂ ತಿಳಿಯದು, ತಾಯಿಗೂ ತಿಳಿಯದು. ಕೊನೆಗೆ ಗುರುಪುರದ ಕಡೆಯಿಂದ ಅಜ್ಜಿಯ ಜೊತೆಗಾರ್ತಿಯಾಗಿದ್ದ ಮುದುಕಿಯೊಬ್ಬರನ್ನು ಭಾನುವಾರ ರಿಕ್ಷಾದಲ್ಲಿ ಕರೆತಂದರು. ಅವರು ಡಿಸ್ಕನ್ನು ಎರಡು ಸಲ ನಿಲ್ಲಿಸಿಸಿ, ಮೂರನೆಯ ಸಲ ಕಣ್ಣು ಮುಚ್ಚಿ, ತೆರೆಯ ಮೇಲಿನ ಸ್ವರದೊಡನೆ ತಾವೂ ಹಾಡಿ ಆ ಮಾತನ್ನು ಹೇಳಿದರು. ನಮ್ಮ ನೆರೆಯವರು ಅದನ್ನು ಒಂದು ಚೀಟಿಯಲ್ಲಿ ಬರೆದು ಡಿಸ್ಕಿನ ಡಬ್ಬದೊಳಗೆ ಇಟ್ಟಿರುವರು.